ನೋಡಿದ್ದನ್ನು ಮಾತ್ರ ಹೇಳಬೇಕು

ಹರೆಯದಲ್ಲಿ ಓದಿದ ವಿದ್ಯೆ ಪರೀಕ್ಷೆ ಮುಗಿದ ಸಂಜೆಯೇ ಸದ್ದಿಲ್ಲದೆ ಮನೆ ಬಿಟ್ಟು ಹೋಗುತ್ತದೆ. ಐವತ್ತು ದಾಟಿದ ಮೇಲೆ ಓದಿದ ವಿದ್ಯೆ ಹಾಗಲ್ಲ. ಅದು ಮುಂಬಯಿಯ ಹಳೆಯ ಬಾಡಿಗೆದಾರನ ಹಾಗೆ ಬಂದು ಕೂತು, ಕೊನೆಗೆ ಮಾಲೀಕನನ್ನೇ ಹೊಸ್ತಿಲಾಚೆ ನಿಲ್ಲಿಸುತ್ತದೆ. ನಾನೀಗ ಹಾಗೆ ಹೊರಗೆ ನಿಂತಿರುವ ಮಾಲೀಕ. ಆದದ್ದನ್ನು ಆದ ಕ್ರಮದಲ್ಲೇ ಹೇಳುತ್ತೇನೆ. ಹೇಳಬಾರದೆಂಬ ನಿಯಮವಿದೆ. ಹೆಸರುಗಳನ್ನು ಬದಲಿಸಿದ್ದೇನಾದ್ದರಿಂದ ನಿಯಮ ಅರ್ಧವಾದರೂ ಉಳಿದಿದೆ ಎಂದುಕೊಂಡಿದ್ದೇನೆ.

ಕೋಪರಖೈರಣೆಯ ಒಂದು ಖಾಸಗಿ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಶಾಲೆಯಲ್ಲಿ ಆಪ್ತಸಮಾಲೋಚನೆ ಓದಿದವರೊಬ್ಬರು, ಶಿಕ್ಷಣ ನಾಯಕತ್ವ ಓದಿದವರೊಬ್ಬರು ಇರಲೇಬೇಕು ಎಂದು ನಮ್ಮ ಕಮಿಟಿಯವರಿಗೆ ಒಂದು ದಿನ ಹೊಳೆಯಿತು. ನಾಯಕತ್ವದ ಎಂ.ಎ.ಗೆ ಮುಖ್ಯೋಪಾಧ್ಯಾಯಿನಿ ಶೆಟ್ಟಿ ಮೇಡಂ ತಾವೇ ಸೇರಿದರು. ಸಮಾಲೋಚನೆಯ ಎಂ.ಎ.ಗೆ ಯಾರು ಎಂಬ ಪ್ರಶ್ನೆ ಸಭೆಯಲ್ಲಿ ಬಂದಾಗ ಎಲ್ಲರೂ ಏನಾದರೊಂದು ಕಾರಣ ಹೇಳಿದರು. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಕಾರಣ ಹೇಳದವನು ನಾನೊಬ್ಬನೇ ಆದ್ದರಿಂದ ನನ್ನ ಹೆಸರು ಬರೆದುಕೊಂಡರು. ಮನೆಯಲ್ಲಿ ಸುದ್ದಿ ತಿಳಿಸಿದಾಗ ನನ್ನ ಹೆಂಡತಿ ಸುಮಂಗಲಾ, ಮನೆಯವರ ಜೊತೆ ನಾಲ್ಕು ಮಾತಾಡಲು ಬಾರದವರು ಮಂದಿಗೆ ಅದೇನು ಸಮಾಧಾನ ಹೇಳುತ್ತೀರಿ ಎಂದು ಕೇಳಿದಳು. ಸಮಾಲೋಚನೆಯೆಂದರೆ ಸಮಾಧಾನ ಹೇಳುವುದಲ್ಲ, ಬಾಯಿ ಮುಚ್ಚಿಕೊಂಡು ಕೇಳುವುದು ಎಂದು ತಿದ್ದಿದೆ. “ಹಂಗಾರ ಓದೂದು ಯಾಕ್ರೀ? ಆ ಡಿಗ್ರಿ ನಿಮಗ ಲಗ್ನದಾಗ ಸಿಕ್ಕೇತಿ” ಎಂದಳು. ವಿಜಯಪುರದಲ್ಲಿ ಹುಟ್ಟಿ ಡೊಂಬಿವಲಿಯಲ್ಲಿ ಬೆಳೆದವಳ ಜೊತೆ ವಾದಕ್ಕೆ ಇಳಿಯುವ ತಪ್ಪನ್ನು ನಾನು ಮಾಡುವುದಿಲ್ಲ.

ಹೀಗೆ ಶನಿವಾರ ಭಾನುವಾರ ಠಾಣೆಯ ಕಾಲೇಜಿಗೆ ನಮ್ಮ ಓಡಾಟ ಶುರುವಾಯಿತು. ಮೇಡಂ ಸಾನಪಾಡಾದಲ್ಲಿ ಲೇಡೀಸ್ ಡಬ್ಬಿ ಹತ್ತುತ್ತಿದ್ದರು, ನಾನು ಅದೇ ಗಾಡಿಗೆ ಕೋಪರಖೈರಣೆಯಲ್ಲಿ. ಎರಡೂ ವಿಭಾಗದವರಿಗೆ ಕೂಡಿ ಒಂದು ಪ್ರಾಕ್ಟಿಕಲ್ ಇತ್ತು. ಮೂವರು ಮೂವರು ಕೂರಬೇಕು. ಒಬ್ಬರು ತಮ್ಮದೇ ಆದ, ನಿಜವಾದ, ಚಿಕ್ಕದೊಂದು ಸಮಸ್ಯೆ ಹೇಳಿಕೊಳ್ಳಬೇಕು. ಇನ್ನೊಬ್ಬರು ಕೇಳಬೇಕು. ಸಲಹೆ ಕೊಡುವಂತಿಲ್ಲ. ಮೂರನೆಯವರು ವೀಕ್ಷಕರು. ವೀಕ್ಷಕ ಬಾಯಿ ತೆರೆಯಕೂಡದು, ತಲೆಯಾಡಿಸಕೂಡದು, ಹುಬ್ಬು ಸಹ ಏರಿಸಕೂಡದು. ಕೊನೆಯಲ್ಲಿ ಪ್ರೊಫೆಸರರಿಗೆ ತಾನು ಕಂಡದ್ದನ್ನು ಮಾತ್ರ ಹೇಳಬೇಕು, ಊಹಿಸಿದ್ದನ್ನು ಹೇಳಬಾರದು. ‘ಅವರಿಗೆ ಬೇಸರವಾಯಿತು’ ಎಂದರೆ ತಪ್ಪು. ‘ಅವರು ನೆಲ ನೋಡಿದರು’ ಎಂದರೆ ಸರಿ. ಕೋಣೆಯಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು, ಹೊರಗೆ ಬಳಸಿಕೊಳ್ಳಲೂ ಬಾರದು. ಉಳಿದವರೆಲ್ಲ ಈ ವೀಕ್ಷಕನ ಪಾತ್ರಕ್ಕೆ ಹೆದರುತ್ತಿದ್ದರು. ನನಗೆ ಮಾತ್ರ, ಇಷ್ಟು ವರ್ಷ ನಾನು ಎಲ್ಲಿ ಕೂರಬೇಕಿತ್ತೋ ಆ ಕುರ್ಚಿ ಕೊನೆಗೂ ಸಿಕ್ಕಂತಾಯಿತು.

ಯಾವ ಭಾಷೆಯಲ್ಲಿ ನಿಮಗೆ ಸಿಟ್ಟು ಬರುತ್ತದೋ ಅದರಲ್ಲೇ ಸಮಸ್ಯೆ ಹೇಳಿ ಎಂದು ಪ್ರೊಫೆಸರರು ಹೇಳಿದ್ದರಿಂದ ಭಾಷೆಯ ಪ್ರಕಾರ ಗುಂಪುಗಳಾದವು. ಶೆಟ್ಟಿ ಮೇಡಂಗೆ ಸಿಟ್ಟು ಬರುವುದು ತುಳುವಿನಲ್ಲಿ. ನಮಗಾಗಿ ಕನ್ನಡಕ್ಕೆ ಒಪ್ಪಿದರು. ನಮ್ಮ ಮೂರನೆಯವಳು ಪೂಜಾ, ಡೊಂಬಿವಲಿಯ ಹುಡುಗಿ. ಅಪ್ಪ ಕಲಬುರಗಿಯವರು. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಪ್ರೊಫೆಸರರು ಮರಾಠಿಯವರು, ಕನ್ನಡದ ಗಂಧವಿಲ್ಲ. ಹೀಗಾಗಿ ನಮ್ಮ ಗುಂಪಿನಲ್ಲಿ ಏನು ನಡೆಯಿತೆಂದು ಅವರಿಗೆ ತಿಳಿಯುವುದು ವೀಕ್ಷಕನ ಬಾಯಿಂದಲೇ.

ಮೊದಲ ಸಲ ಮೇಡಂ ಸಮಸ್ಯೆಯವರು, ಪೂಜಾ ಕೇಳುವವಳು, ನಾನು ವೀಕ್ಷಕ. ಮೇಡಂ ಬಳೆ ಹಿಂದೆ ಸರಿಸಿ ಶುರು ಮಾಡಿದರು. “ನಮ್ಮ ಶಾಲೆಯಲ್ಲಿ ಒಬ್ಬರು ಇದ್ದಾರೆ ಮಾರಾಯ್ತಿ. ಹೆಸರು ಬೇಡ. ಸೂಪರ್‌ವೈಸರ್ ಜಾಗ ಖಾಲಿ ಉಂಟು. ಅವರಿಗೇ ಕೊಡುವ ಅಂತ ನನ್ನ ಮನಸ್ಸು. ಆದರೆ ಅವರು ಕೇಳುವುದೇ ಇಲ್ಲ ಅಲ್ಲ? ನಾನಾಗಿ ಕರೆದು ಕೊಟ್ಟರೆ ಕಮಿಟಿಯವರು ಪಕ್ಷಪಾತ ಅಂತಾರೆ. ಒಮ್ಮೆ ಕ್ಯಾಬಿನ್ನಿಗೆ ಬಂದು ‘ನನಗೆ ಬೇಕು’ ಅಂತ ಬಾಯಿ ಬಿಟ್ಟರೆ ಸಾಕು.”

“ಮತಲಬ್ ಆಪ್ ಚಾಹತೀ ಹೈ, ವೋ ಖುದ್ ಆಕೇ ಬೋಲೇ?” ಎಂದಳು ಪೂಜಾ. ಕೇಳಿದ್ದನ್ನೇ ತಿರುಗಿಸಿ ಹೇಳುವುದು ಈ ವಿದ್ಯೆಯ ಮೊದಲ ಪಾಠ. ಹೌದು, ಅವರ ಬಾಯಿಂದಲೇ ಬರಬೇಕು ಎಂದರು ಮೇಡಂ.

ಅಷ್ಟು ಹೊತ್ತೂ ಮೇಡಂ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಎದುರಿಗೇ ಕೂತ ಮನುಷ್ಯನನ್ನು ಅಷ್ಟು ಹೊತ್ತು ನೋಡದೆ ಇರಬೇಕಾದರೆ ಪ್ರಯತ್ನ ಬೇಕು ಎನ್ನಿಸಿತು. ಆದರೆ ಅದು ಊಹೆ, ಬಿಟ್ಟೆ. ನಾನು ಹಾಳೆಯ ಅಂಚಿನಲ್ಲಿ ಒಂದೇ ತ್ರಿಕೋನವನ್ನು ಮತ್ತೆ ಮತ್ತೆ ಎಳೆಯುತ್ತಿದ್ದೆ. ವೀಕ್ಷಕ ತನ್ನನ್ನು ವೀಕ್ಷಿಸಬೇಕೆಂದು ಎಲ್ಲೂ ಹೇಳಿಲ್ಲವಾದ್ದರಿಂದ ಅದನ್ನೂ ಬಿಟ್ಟೆ. ಉಳಿದದ್ದನ್ನು ಪ್ರೊಫೆಸರರಿಗೆ ಒಪ್ಪಿಸಿದೆ. ಒಂದು ಊಹೆಯೂ ಇಲ್ಲದ ವರದಿ ಎಂದು ಮೆಚ್ಚಿದರು.

ಮುಖ್ಯೋಪಾಧ್ಯಾಯಿನಿಯ ನಂತರದ ಆ ಹುದ್ದೆ ನನಗೆ ಬೇಕಿತ್ತು. ಇದನ್ನು ಇಲ್ಲಿ ಬರೆಯುವಾಗಲೂ ಕೈ ಹಿಂಜರಿಯುತ್ತದೆ. ಒಂಬತ್ತನೆಯ ತರಗತಿ ಮೂರನೆಯ ಮಹಡಿಯಲ್ಲಿದೆ, ಸೂಪರ್‌ವೈಸರ್ ಕೋಣೆ ನೆಲಮಹಡಿಯಲ್ಲಿ. ನೋಯುವ ಮಂಡಿಯ ಲೆಕ್ಕ ಇಷ್ಟು. ಮಂಡಿಯಾಚೆಯದೂ ಒಂದಿತ್ತು. ನನ್ನ ಜೊತೆ ಸೇರಿದವರೆಲ್ಲ ಏನೋ ಒಂದು ಆಗಿದ್ದಾರೆ. ನಾನು ಸೇರಿದ ದಿನ ಏನಾಗಿದ್ದೆನೋ ಅದೇ ಆಗಿ ಉಳಿದಿದ್ದೇನೆ. ಮೇಡಂ ಹೇಳಿದ ಆ ‘ಒಬ್ಬರು’ ನಾನೇ ಇರಬಹುದೇ? ನಮ್ಮಲ್ಲಿ ಮಾತಾಡದ ಇನ್ನೊಬ್ಬರೆಂದರೆ ಡ್ರಾಯಿಂಗ್ ಸರ್. ಆದರೆ ಅವರ ಮೌನ ಸ್ವಭಾವದ್ದಲ್ಲ, ದವಡೆಯಲ್ಲಿಟ್ಟ ಸುಪಾರಿಯದು. ಹಾಗಾದರೆ ನಾನೇ. ನಾನೇ ಆದರೆ ಹೋಗಿ ಕೇಳಬೇಕು. ಹೋಗಿ ಕೇಳಿದರೆ, ಕೋಣೆಯಲ್ಲಿ ಕೇಳಿದ್ದನ್ನು ಹೊರಗೆ ಬಳಸಿಕೊಂಡಂತೆ. ನಾನಲ್ಲದಿದ್ದರೆ ನಿಯಮ ಮುರಿದದ್ದೂ ಅಲ್ಲದೆ ಮರ್ಯಾದೆಯೂ ಹೋಯಿತು. ಈ ತಕ್ಕಡಿ ಹಿಡಿದು ಮನೆಯೊಳಗೆ ಎಷ್ಟು ಅಡ್ಡಾಡಿದೆನೆಂದರೆ, ಕೆಳಗಿನ ಮನೆಯವರು ನೆತ್ತಿಯ ಮೇಲೆ ಯಾರೋ ನಡೆದಂತಾಗುತ್ತದೆ ಎಂದು ವಾಚ್‌ಮನ್ ಮೂಲಕ ಹೇಳಿ ಕಳಿಸಿದರು.

ಸುಮಂಗಲಾಳಿಗೆ ನಾನು ಏನೂ ಹೇಳಲಿಲ್ಲ. ಪುಸ್ತಕದಲ್ಲಿ ಹೀಗೊಂದು ಉದಾಹರಣೆಯಿದೆ, ಒಬ್ಬ ಮೇಲಧಿಕಾರಿ, ಅವರ ಮಾತು ಕೇಳುವ ಒಬ್ಬ ಹುಡುಗಿ, ಪಕ್ಕದಲ್ಲಿ ಮಂಡಿ ನೋಯುವ ಒಬ್ಬ ಗಣಿತದ ಸರ್ ಎಂದಷ್ಟೇ ಅಂದೆ. ಅವಳು ಹೀರೇಕಾಯಿ ಹೆರೆಯುವುದನ್ನು ನಿಲ್ಲಿಸಿದಳು. “ಲೇಕೀ ಬೋಲೇ, ಸುನೇ ಲಾಗೇ ಅಂತಾರ ಮರಾಠಿಯಾಗ. ಮಗಳಿಗೆ ಅಂದದ್ದು ಸೊಸಿಗೆ ತಾಗಲಿ ಅಂತ. ನಿಮ್ಮ ಮೇಡಂ ಆ ಹುಡಿಗಿಗೆ ಹೇಳ್ಯಾರೇನು? ನಿಮಗ ಹೇಳ್ಯಾರ. ಹೋಗಿ ಒಂದ್ ಮಾತ್ ಕೇಳ್ರೀ, ಬಾಯಾಗ ಹುಗ್ಗಿ ಇಟ್ಕೊಂಡೀರೇನು?” ಇದು ಪುಸ್ತಕದ ಉದಾಹರಣೆ ಎಂದು ನಾನು ನೆನಪಿಸಿದೆ. ಪುಸ್ತಕಕ್ಕೂ ಮಂಡಿನೋವು ಇದೆಯೇನು ಎಂದು ಕೇಳಿ ಅವಳು ಮತ್ತೆ ಹೀರೇಕಾಯಿ ಎತ್ತಿಕೊಂಡಳು.

ಕೊನೆಗೆ ಒಂದು ದಾರಿ ಹೊಳೆಯಿತು. ಹುದ್ದೆಯ ಆಸೆ ನನಗೆ ಆ ಕೋಣೆಗೆ ಹೋಗುವ ಮೊದಲೇ ಇತ್ತಲ್ಲ? ಮೊದಲೇ ಇದ್ದ ಆಸೆಯನ್ನು ಹೇಳಿದರೆ ನಿಯಮಭಂಗವಲ್ಲ. ಈ ತೀರ್ಮಾನ ಆರುವ ಮೊದಲೇ ಬಿಡುವಿನ ಪೀರಿಯಡ್ಡಿನಲ್ಲಿ ಕ್ಯಾಬಿನ್ನಿಗೆ ಹೋದೆ. ಮೇಡಂ ಪೆನ್ನು ಕೆಳಗಿಟ್ಟರು. ಮೊಬೈಲನ್ನು ಬೋರಲು ಹಾಕಿದರು. ನೆಟ್ಟಗೆ ಕೂತು ತುಸುವೇ ಮುಂದೆ ಬಾಗಿದರು. ಪ್ರೊಫೆಸರರು ಕಲಿಸಿದ ಭಂಗಿ, ಒಂದು ಅಂಗುಲವೂ ಆಚೀಚೆ ಇರಲಿಲ್ಲ.

“ಹೇಳಿ ಸರ್.”

“ಏನಿಲ್ಲ ಮೇಡಂ. ಒಂದು ಮಾತು ಇತ್ತು.”

ಮೇಡಂ ಕಾದರು. ಎದುರಿನವರ ಮೌನವನ್ನು ನಿಮ್ಮ ಮಾತಿನಿಂದ ತುಂಬಬೇಡಿ, ಅವರ ಮಾತು ಅದರೊಳಗಿಂದಲೇ ಮೇಲೆ ಬರುತ್ತಿರುತ್ತದೆ ಎಂದು ನಮಗಿಬ್ಬರಿಗೂ ಒಂದೇ ದಿನ ಪಾಠವಾಗಿತ್ತು. ಅವರು ನನ್ನ ಮೌನವನ್ನು ತುಂಬಲಿಲ್ಲ, ನಾನು ಅವರದನ್ನು ತುಂಬಲಿಲ್ಲ. ನಾನು ಒಳಗೊಳಗೇ ವಾಕ್ಯ ಕಟ್ಟುತ್ತಿದ್ದೆ. ‘ಆ ಖಾಲಿ ಜಾಗ’ ಎಂದು ಶುರು ಮಾಡೋಣವೆಂದರೆ, ಜಾಗ ಖಾಲಿಯೆಂದು ನಿಮಗೆ ಹೇಳಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಅಳಿಸಿದೆ. ‘ನನಗೆ ಬೇಕು’ ಎಂದು ನೇರ ಅನ್ನೋಣವೆಂದರೆ, ಅದು ಅವರದೇ ಬಾಯಿಂದ ಬಂದ ಮಾತು, ಕದ್ದಂತಾಗುತ್ತದೆ. ಅದನ್ನೂ ಅಳಿಸಿದೆ. ಕಿಟಕಿಯಾಚೆಯ ಎ.ಸಿ. ಡಬ್ಬಿಯ ಮೇಲೆ ಒಂದು ಪಾರಿವಾಳ ಬಂದು ಕೂತು ನಮ್ಮಿಬ್ಬರನ್ನೂ ನೋಡಿ ಹಾರಿಹೋಯಿತು. ಮೇಡಂ ಮುಖದಲ್ಲಿ ಎಂಥ ತಾಳ್ಮೆಯಿತ್ತೆಂದರೆ, ಅದನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ. ಗಂಟೆ ಹೊಡೆಯಿತು. ನಿಮಗೆ ಪೀರಿಯಡ್ ಉಂಟಲ್ಲ ಎಂದು ಅವರು ಮೃದುವಾಗಿ ಕೇಳಿದರು. ಉಂಟು ಎಂದೆ. ಮೂರನೆಯ ಮಹಡಿ ಹತ್ತಿದೆ.

ಮುಂದಿನ ಪ್ರಾಕ್ಟಿಕಲ್‌ನಲ್ಲಿ ಅದೇ ಪಾತ್ರಗಳು, ಅದೇ ಕುರ್ಚಿಗಳು. ಮೇಡಂ ಈ ಸಲ ಬಳೆ ಮುಟ್ಟಲಿಲ್ಲ.

“ಅವರು ಬಂದರು ಪೂಜಾ. ಕೂತರು. ತುಂಬ ಹೊತ್ತು ಏನೂ ಹೇಳಲಿಲ್ಲ. ಮೊದಲಿನ ನಾನಾಗಿದ್ದರೆ, ಆಗ್ತೀರಾ ಸೂಪರ್‌ವೈಸರ್ ಅಂತ ನಾನೇ ಕೇಳಿಬಿಡ್ತಿದ್ದೆ. ಪಾಪ, ದಾಕ್ಷಿಣ್ಯಕ್ಕೆ ಹೂಂ ಅಂತಿದ್ದರು. ಈಗ ಮೌನವನ್ನು ಕೇಳಲಿಕ್ಕೆ ಕಲಿತೆನಲ್ಲ? ಅವರು ಬೇಡ ಅಂತ ಹೇಳಲಿಕ್ಕೆ ಬಂದದ್ದು. ಬಾಯಿ ಬರಲಿಲ್ಲ. ನನಗೆ ಅರ್ಥ ಆಯಿತು. ಸೈನ್ಸಿನ ಸರ್ ಮೊದಲಿನಿಂದ ಕೇಳ್ತಾ ಇದ್ದರು. ಅವರ ಹೆಸರು ಕಳಿಸಿದೆ.”

“ಔರ್ ಅಬ್ ಆಪ್‌ಕೋ ಕೈಸಾ ಲಗ್ ರಹಾ ಹೈ?” ಈಗ ಹೇಗನ್ನಿಸುತ್ತಿದೆ ಎಂಬ ಈ ಪ್ರಶ್ನೆಯನ್ನು ಕೊನೆಯಲ್ಲಿ ಕೇಳಲೇಬೇಕು.

ಹಗುರಾಯಿತು ಎಂದರು ಮೇಡಂ. ಹಾಗೆಂದು ನನ್ನ ಕಡೆ ನೋಡಿ ನಕ್ಕರು, ಆ ಕೋಣೆಯಲ್ಲಿ ಅದೇ ಮೊದಲ ಸಲ. ಆ ನೋಟದಲ್ಲಿ ಕರುಣೆಯಿತ್ತು. ಇದು ಊಹೆಯಲ್ಲ, ನಾನು ಕಂಡದ್ದು.

ಪ್ರೊಫೆಸರರು ಬಂದು ವೀಕ್ಷಕರು ಹೇಳಿ ಎಂದರು. ಅವರಿಗೆ ಕನ್ನಡ ಬಾರದು. ಮೇಡಂ ಅಲ್ಲೇ ಇದ್ದರು. ಇಡೀ ಕಾರ್ಯಕ್ರಮದಲ್ಲಿ ನನಗೆ ಬಾಯಿ ತೆರೆಯಲು ಅನುಮತಿಯಿದ್ದ ಒಂದೇ ಗಳಿಗೆ ಅದು. ನಾನು ಹೇಳಿದೆ: ಸಮಸ್ಯೆ ಹೇಳಿದವರು ಕುರ್ಚಿಗೆ ಬೆನ್ನು ಆನಿಸಿಕೊಂಡು ಕೂತರು. ಬಳೆ ಮುಟ್ಟಲಿಲ್ಲ. ಕೊನೆಯಲ್ಲಿ ವೀಕ್ಷಕನ ಕಡೆ ಒಮ್ಮೆ ನೋಡಿ ನಕ್ಕರು. ವೀಕ್ಷಕ ಏನು ಮಾಡಿದ ಎಂದು ಪ್ರೊಫೆಸರರು ತಮಾಷೆಗೆ ಕೇಳಿದರು. ಏನೂ ಮಾಡಲಿಲ್ಲ ಎಂದೆ. ಪೂರ್ತಿ ಅಂಕ ಕೊಟ್ಟರು. ವೀಕ್ಷಕ ಹೇಗಿರಬೇಕೆಂದು ಮುಂದಿನ ತಂಡಕ್ಕೆ ತೋರಿಸಲು ಒಂದು ದಿನ ಬಂದು ಕೂರಬೇಕೆಂದೂ ಕೇಳಿಕೊಂಡರು.

ಸಂಜೆ ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಜನ ದೂಡುತ್ತಿದ್ದರು. ಮೇಡಂ ಮುಂದೆ ಹೋಗಿಯಾಗಿತ್ತು. ಪೂಜಾ ಡೊಂಬಿವಲಿ ಗಾಡಿಗೆ ಇಳಿಯಬೇಕಾದವಳು ಮೆಟ್ಟಿಲ ಹತ್ತಿರ ನಿಂತಳು. ಬ್ಯಾಗಿನ ಪಟ್ಟಿ ಸರಿ ಮಾಡಿಕೊಂಡಳು. ಅಪ್ಪನಿಂದ ಕಿವಿಗೆ ಬಿದ್ದ ಕನ್ನಡವನ್ನು ಅವಳು ಬಾಯಿಂದ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಸರ್, ಅವ್ರು ನೀವೇ ಹೌದಿಲ್ರೀ?”

ಅದು ತರಗತಿಯೊಳಗಿನ ವಿಷಯ, ಹೊರಗೆ ಮಾತಾಡುವಂತಿಲ್ಲ ಎಂದೆ. ಅಷ್ಟು ಜನರ ಗದ್ದಲದ ನಡುವೆ, ಗಟ್ಟಿಯಾಗಿ, ಒಂದು ಶಬ್ದಕ್ಕೂ ತಡವರಿಸದೆ ಹೇಳಿದೆ. ನಾನು ಹಾಗೂ ಮಾತಾಡಬಲ್ಲೆನೆಂದು ನನಗೇ ಗೊತ್ತಿರಲಿಲ್ಲ.