ಪಾಚಗಣಿಗೆ ಸರಳ ದಾರಿ

ಪುಣೆಗೆ ಬಂದು ಮೂರು ವರ್ಷವಾದ ಮೇಲೆ, ಮರಾಠಿ ನನಗೆ ಕರತಲಾಮಲಕ ಎಂದು ನಾನು ನಂಬಿದ್ದೆ. ಅರ್ಧ ಪದಗಳು ಹೇಗೂ ಕನ್ನಡದಲ್ಲೇ ಇವೆಯಲ್ಲ! ಉಳಿದರ್ಧಕ್ಕೆ ಕೈ ಆಡಿಸಿದರಾಯಿತು. ಇದೇ ಧೈರ್ಯದ ಮೇಲೆ, ಮೇ ತಿಂಗಳ ಸುಡುಬಿಸಿಲಲ್ಲಿ ನಮ್ಮ ಬಡಾವಣೆಯಾದ ವಾಕಡದಿಂದ ಗಿರಿಧಾಮ ಪಾಚಗಣಿಗೆ ಹೊರಟ ಸೈಕಲ್ ತಂಡಕ್ಕೆ ನನ್ನನ್ನು ನಾನೇ ನಾಯಕನನ್ನಾಗಿ ನೇಮಿಸಿಕೊಂಡೆ.

ತಂಡ ಎಂದರೆ ಮೂವರು. ಎದುರು ಮನೆಯ ಕುಲಕರ್ಣಿಯವರು ಧಾರವಾಡದ ಕಡೆಯವರು, ಭೋಸರಿಯ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ಮೇಲಿನ ಮಹಡಿಯ ನವೀನ ಬೆಂಗಳೂರಿನವನು. ನಾನು ತುಮಕೂರಿನವನು, ವಯಸ್ಸು ನಲವತ್ತಾರು, ತೂಕ ಎಂಬತ್ತಾರು.

ನನ್ನ ಹೆಂಡತಿ ವಸುಧಾಗೆ ನನ್ನ ಇಪ್ಪತ್ತೊಂದು ಗೇರಿನ ಸೈಕಲ್ ಕಂಡರೆ ಆಗದು. ಬಾಲ್ಕನಿಯಲ್ಲಿ ಅವಳ ಸಂಡಿಗೆಗೆ ಬೀಳಬೇಕಾದ ಬಿಸಿಲನ್ನೆಲ್ಲ ಅದು ಅಡ್ಡ ನಿಂತು ತಿನ್ನುತ್ತಿತ್ತು.

"ನಾನೂ ಕುಲಕರ್ಣಿಯವರ ಮನೆಯವರೂ ಕಾರಲ್ಲಿ ಹೋಗಿ ಮೇಲೆ ಕಾದಿರ್ತೀವಿ," ಎಂದಳು. "ದಾರೀಲಿ ನೀವು ಯಾವುದಾದ್ರೂ ಗಾಡಿ ಹತ್ತಿದ್ರೆ ಸೈಕಲ್ ಮಾರಿಬಿಡ್ತೀನಿ!"

"ಹತ್ತದಿದ್ರೆ?"

"ಇಟ್ಕೊಳ್ಳಿ. ಜನ್ಮದಲ್ಲಿ ಅದರ ಸುದ್ದಿ ಎತ್ತಲ್ಲ."

ಕರಾರು ಊರ್ಜಿತವಾಯಿತು. ಸೈಕಲ್ಲಿನ ಭವಿಷ್ಯ ನನ್ನ ಎರಡು ಮಂಡಿಗಳ ಮೇಲೆ ನಿಂತಿತು.

ಮೊದಲ ದಿನ ಶಿರವಳದಲ್ಲಿ ತಂಗಿದೆವು. ಎರಡನೆಯ ದಿನ ಹನ್ನೊಂದೂವರೆಗೆ ವಾಯಿ ಊರನ್ನು ಮುಟ್ಟಿದೆವು. ಇನ್ನು ಹನ್ನೆರಡು ಕಿಲೋಮೀಟರ್ ಮಾತ್ರ! ನಾಲ್ಕು ಗಂಟೆಯವರೆಗೆ ಆಲದ ನೆರಳಲ್ಲಿ ಮಲಗಿ, ತಂಪು ಹೊತ್ತಿನಲ್ಲಿ ಹೊರಡಬೇಕೆಂಬುದು ಕುಲಕರ್ಣಿಯವರ ಯೋಜನೆ. ಅವರು ಆಗಲೇ ಗೊರಕೆ ಆರಂಭಿಸಿದ್ದರು. ತನ್ನದೇ ಫೋಟೋ ತೆಗೆದು ತೆಗೆದು ನವೀನನ ಫೋನು ಸತ್ತಿತ್ತು.

ನಾಯಕನಾದವನು ಮಲಗುವುದುಂಟೆ? ಚೌಕಕ್ಕೆ ಹೋಗಿ, ಅಂಗಡಿ ಕಟ್ಟೆಯ ಮೇಲಿದ್ದ ಬಿಳಿ ಟೋಪಿಯ ಅಜ್ಜನನ್ನು ದಾರಿ ಹೇಗಿದೆ ಎಂದು ಕೇಳಿದೆ: "ಕಾಕಾ, ಪಾಚಗಣೀಚಾ ರಸ್ತಾ ಕಸಾ ಆಹೆ?"

"ಏಕದಮ್ ಸರಳ!" ಎಂದು ಅಜ್ಜ ಕೈ ಬೀಸಿದ. "ಸರಳ ಜಾ!"

ಓಡಿ ಬಂದು ಕುಲಕರ್ಣಿಯವರನ್ನು ಎಬ್ಬಿಸಿದೆ. "ಏಳಿ ಏಳಿ! ದಾರಿ ತುಂಬಾ ಸುಲಭವಂತೆ. ಊಟದ ಹೊತ್ತಿಗೆ ಮೇಲಿರ್ತೀವಿ!"

"ಅಲ್ರೀ, ಅಲ್ಲೆ ದೊಡ್ಡ ಘಾಟ್ ಅದ ಅಂತ ಕೇಳೇನಿ."

"ಊರಿನವರೇ ಹೇಳಿದ್ದಾರೆ. ಅವರಿಗಿಂತ ನಿಮಗೆ ಗೊತ್ತಾ?"

ಅವರು ನಿಟ್ಟುಸಿರು ಬಿಟ್ಟು ಎದ್ದರು. ನಡು ಮಧ್ಯಾಹ್ನ ಘಾಟಿ ಏರತೊಡಗಿದೆವು.

ಎರಡನೆಯ ತಿರುವಿನಲ್ಲೇ ನನ್ನ ಮಾತು ನಿಂತಿತು. ಇಪ್ಪತ್ತೊಂದು ಗೇರುಗಳನ್ನೂ ಹಾಕಿ ನೋಡಿದೆ. ಬೇಕಾಗಿದ್ದದ್ದು ಇಪ್ಪತ್ತೆರಡನೆಯದು! ಬಾಟಲಿಯ ನೀರಿಗೆ ಚಹಾಪುಡಿ ಹಾಕಿದ್ದರೆ ಚಹಾ ಆಗುತ್ತಿತ್ತು. ಐದನೆಯ ತಿರುವಿನಲ್ಲಿ ಇಳಿದು ಸೈಕಲ್ ತಳ್ಳತೊಡಗಿದೆ. ಗಾಡಿ ಹತ್ತಬಾರದೆಂದು ಕರಾರಿತ್ತೇ ಹೊರತು ಸೈಕಲ್ ಇಳಿಯಬಾರದೆಂದು ಇರಲಿಲ್ಲ.

"ಆ ಅಜ್ಜ ಏನಂದ?" ಕುಲಕರ್ಣಿಯವರು ಏದುಸಿರಲ್ಲೇ ಕೇಳಿದರು. "ಅವನ ಮಾತಿನಾಗ ಹೇಳ್ರಿ."

"ಏಕದಮ್ ಸರಳ. ಸರಳ ಜಾ."

ಅವರು ರಸ್ತೆಯಂಚಿನ ಕಲ್ಲಿನ ಮೇಲೆ ಕುಸಿದು ಕುಳಿತರು. ಬಿಸಿಲು ಹೊಡೆಯಿತೇನೋ ಎಂದು ಗಾಬರಿಯಾದೆ. ಅವರು ನಗುತ್ತಿದ್ದರು!

"ಯಪ್ಪಾ! ಮರಾಠ್ಯಾಗ ಸರಳ ಅಂದ್ರ ಸೀದಾ ರೀ! ಎಲ್ಲೂ ಹೊರಳಬ್ಯಾಡ, ನೆಟ್ಟಗ ಹೋಗು ಅಂದಾನ!"

"ಸರ್, ಇಷ್ಟು ಟರ್ನಿಂಗ್ ಇದೆ," ನವೀನ ಅಳುದನಿಯಲ್ಲಿ ಹೇಳಿದ. "ಸ್ಟ್ರೇಟ್ ಕೂಡ ಅಲ್ವಲ್ಲ!"

ಅಷ್ಟರಲ್ಲಿ ವಾಯಿಯಲ್ಲಿ ತರಕಾರಿ ಇಳಿಸಿ ಖಾಲಿಯಾಗಿ ಘಾಟಿ ಏರುತ್ತಿದ್ದ ಟೆಂಪೊ ಒಂದು ನಿಂತಿತು. "ಬಸಾ, ಬಸಾ!" ಎಂದು ಚಾಲಕ ಹತ್ತಿ ಕೂರಲು ಕರೆದ. ನವೀನ ಸೈಕಲ್ಲಿಗಿಂತ ಮೊದಲೇ ತಾನು ಹತ್ತಿದ. ಕುಲಕರ್ಣಿಯವರೂ ಹತ್ತಿದರು. ಅವರಿಗೇನು, ಯಾವ ಕರಾರೂ ಇರಲಿಲ್ಲ.

"ಬರ್ರಿ, ಭಾಳ ಬಿಸಲದ. ವೈನಿಯವರ ಮುಂದ ನಾ ಏನೂ ಹೇಳಂಗಿಲ್ಲ."

ನನ್ನ ಬಲಗಾಲು ತಾನಾಗಿಯೇ ಮೇಲೆದ್ದಿತು. ನಿಜ ಹೇಳುತ್ತೇನೆ, ಅಳು ಬಂತು. ಆದರೆ ಬಾಲ್ಕನಿಯ ತುಂಬ ವಿಜಯೋತ್ಸವ ಆಚರಿಸುತ್ತಿರುವ ಸಂಡಿಗೆಗಳು ಕಣ್ಣ ಮುಂದೆ ಬಂದವು. ಕಾಲನ್ನು ಕೆಳಗಿಳಿಸಿದೆ. "ನೀವು ಹೊರಡಿ," ಎಂದೆ. ಅವರು ಹೊರಟೇಬಿಟ್ಟರು!

ಆಮೇಲಿನ ಎರಡು ಗಂಟೆ ನಾನು ತಳ್ಳಿದೆ, ತುಳಿದೆ, ಕೂತೆ, ಎದ್ದೆ, ಸೈಕಲ್ ಕಂಡುಹಿಡಿದವನನ್ನು ಬೈದೆ. ಕೊನೆಯ ತಿರುವಿನಲ್ಲಿ ಮಾತ್ರ ತಲೆ ಬಾಚಿಕೊಂಡು ಸೈಕಲ್ ಏರಿದೆ. ಒಂದು ಕೈ ಗಾಳಿಯಲ್ಲಿ ಎತ್ತಿ ಪಾಚಗಣಿಯನ್ನು ಪ್ರವೇಶಿಸಿದೆ. ಪರಿಚಯವೇ ಇಲ್ಲದ ಪ್ರವಾಸಿಗರು ಚಪ್ಪಾಳೆ ಹೊಡೆದರು! ವಸುಧಾ ಓಡಿ ಬಂದು ಬಾಟಲಿಯ ತಣ್ಣೀರನ್ನು ನನ್ನ ತಲೆಯ ಮೇಲೆ ಸುರಿದಳು.

"ನಿಜವಾಗ್ಲೂ ಹತ್ತಲಿಲ್ವಾ?"

"ಇಲ್ಲ!"

"ಇಲ್ರೀ ವೈನಿ, ನಾನಽ ಸಾಕ್ಷಿ," ಎಂದರು ಕುಲಕರ್ಣಿಯವರು, ಬಾಯಿ ತುಂಬ ಐಸ್‌ಕ್ರೀಂ ಇಟ್ಟುಕೊಂಡು.

ಅವಳ ಕಣ್ಣಲ್ಲಿ ನೀರಾಡಿತು. "ಗೆದ್ರಿ ಕಣ್ರೀ. ಸೈಕಲ್ ನಿಮ್ಮದೇ." ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಅದನ್ನು ಅವಳಿಗೆ ಹೇಳಲಿಲ್ಲ.

"ನಾಳೆ ಎಷ್ಟು ಹೊತ್ತಿಗೆ ಹೊರಡ್ತೀರಾ?" ಎಂದಳು.

"ಎಲ್ಲಿಗೆ?"

"ವಾಕಡಕ್ಕೆ! ಅವರಿಬ್ಬರ ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿ ಆಯ್ತು. ಮೂರನೇದಕ್ಕೆ ಜಾಗ ಇಲ್ಲ. ನಿಮಗೇನು, ಗೆದ್ದವರು!"

ವಾಪಸು ಹೋಗುವ ವಿಷಯವನ್ನು ನಾಯಕ ಯೋಚಿಸಿರಲೇ ಇಲ್ಲ. ಅವಳು ನನಗೆ ಐಸ್‌ಕ್ರೀಂ ತರಲು ಹೋದ ಸಮಯ ನೋಡಿ ಕುಲಕರ್ಣಿಯವರ ಕಿವಿಯ ಬಳಿ ಬಾಗಿದೆ.

"ಸ್ವಲ್ಪ ವಿಚಾರಿಸ್ತೀರಾ? ಸುಮ್ಮನೆ ಕೊಟ್ರೆ ಸೈಕಲ್ ತಗೊಳ್ಳೋರು ಈ ಊರಲ್ಲಿ ಯಾರಾದ್ರೂ ಇದ್ದಾರಾ ಅಂತ."