ಅಂಬ್ರೀನ್ ಬರೆದಿಟ್ಟ ಫೈಲು

ಶುಕ್ರವಾರ ಬೆಳಿಗ್ಗೆ ಮಹದೇವಪುರದ ಆಫೀಸಿನಲ್ಲಿ ಮ್ಯಾನೇಜರ್ ಭೀಮಾಶಂಕರ ಒಂದೇ ಸಾಲಿನ ಮೇಲ್ ಕಳಿಸಿದ. ಸತ್ತ ಮೆಷಿನ್‌ಗಳಿಗೆ ಅಂಟಿಕೊಂಡಿರುವ ಹಳೆಯ ಟೆಸ್ಟ್ ವಾಲ್ಯೂಮ್‌ಗಳನ್ನೆಲ್ಲ ಸಂಜೆ ಐದಕ್ಕೆ ಅಳಿಸಲಾಗುವುದು. ಓದಿದ ಎಂಜಿನಿಯರ್ ಓವೈಸ್ ಗಡಿಯಾರ ನೋಡಿದ. ಆ ವಾಲ್ಯೂಮ್‌ಗಳಲ್ಲೊಂದರಲ್ಲಿ, ಕೆಲಸ ಬಿಟ್ಟುಹೋದ ಅಂಬ್ರೀನ್ ಅವನಿಗೆಂದೇ ಬರೆದಿಟ್ಟ ಫೈಲಿತ್ತು. ನಾಲ್ಕು ತಿಂಗಳಿಂದ ಅದನ್ನು ಓದಲಾಗದೆ ಒದ್ದಾಡುತ್ತಿದ್ದ.

ಇವರ ಸಾಫ್ಟ್‌ವೇರಿನ ಕೆಲಸ ಹೇಳಿದರೆ ಸುಲಭ. ನೂರಾರು ಮೆಷಿನ್‌ಗಳನ್ನು ಮೇಯಿಸುವುದು; ಒಂದು ಸತ್ತರೆ ಅದರ ಕೆಲಸವನ್ನೂ ಡೇಟಾ ತುಂಬಿಡುವ ಪೆಟ್ಟಿಗೆಯಂಥ ವಾಲ್ಯೂಮನ್ನೂ ಇನ್ನೊಂದಕ್ಕೆ ದಾಟಿಸುವುದು. ಕೆಲಸವೇನೋ ದಾಟುತ್ತಿತ್ತು. ವಾಲ್ಯೂಮನ್ನು ಮಾತ್ರ ಸತ್ತ ಮೆಷಿನ್ ಹಿಡಿದುಕೊಂಡೇ ಇರುತ್ತಿತ್ತು, ಮನೆ ಖಾಲಿ ಮಾಡಿದ ಬಾಡಿಗೆದಾರ ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಹೋದ ಹಾಗೆ. ಬಲವಂತವಾಗಿ ಕಿತ್ತರೆ ಒಳಗಿನದು ಕೆಡುವ ಭಯ.

ವಾಲ್ಯೂಮ್ ಪರೀಕ್ಷಿಸಲು ಅದರಲ್ಲಿ ಏನಾದರೂ ಬರೆದಿಡಬೇಕು. ಉಳಿದವರು ‘ಟೆಸ್ಟ್ ಟೆಸ್ಟ್’ ಎಂದು ಗೀಚಿದರೆ, ಶಿವಾಜಿನಗರದ ಕನ್ನಡ ಮೀಡಿಯಂ ಹುಡುಗಿ ಅಂಬ್ರೀನ್ ಅಚ್ಚುಕಟ್ಟಾಗಿ ಕನ್ನಡದಲ್ಲೇ ಬರೆಯುತ್ತಿದ್ದಳು. “ಒತ್ತಕ್ಷರ ಒಡೆದಿಲ್ಲ ಅಂದ್ರೆ ಡೇಟಾ ಭದ್ರವಾಗಿದೆ ಅಂತ,” ಅನ್ನುತ್ತಿದ್ದಳು. ಕೆಲಸ ಬಿಟ್ಟ ದಿನ ಆಫೀಸಿನ ಕ್ಯಾಬ್ ಇಳಿಯುವಾಗ, “ಓವೈಸ್, ನಿಮಗೆ ಹೇಳ್ಬೇಕಾದ್ದನ್ನ ಟೆಸ್ಟ್ ವಾಲ್ಯೂಮ್‌ನಲ್ಲಿ ಬರ್ದಿದ್ದೀನಿ, ನೋಡಿ,” ಎಂದು ನಕ್ಕು ಹೋದಳು. ಅವನು ಪುಲಿಕೇಶಿನಗರದ ಮನೆ ಮುಟ್ಟಿ ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಆ ವಾಲ್ಯೂಮ್ ಇದ್ದ ಮೆಷಿನ್ ಸತ್ತಿತ್ತು.

ಫೋನ್ ಮಾಡಿ ಕೇಳಬಹುದಿತ್ತು. ಆದರೆ ವಾಲ್ಯೂಮ್‌ಗಳ ಕೋಡೆಲ್ಲ ತನ್ನದೇ ಆಗಿರುವಾಗ, ಅದೇ ಬಾಯಿ ಬಿಡುತ್ತಿಲ್ಲ ಎಂದು ಅವಳಿಗೆ ಹೇಳುವುದು ಹೇಗೆ? ನಾಳೆ ಸರಿಯಾಗುತ್ತದೆ, ಓದಿಯೇ ಮಾತಾಡೋಣ ಎಂದುಕೊಂಡೇ ನಾಲ್ಕು ತಿಂಗಳು ಕಳೆದ. ಕ್ಯಾಬಿನಲ್ಲಿ ಅವಳ ಕಿಟಕಿ ಸೀಟಿನಲ್ಲಿ ಈಗ ಸುನಿಲ್ ಬಾಯಿ ತೆರೆದು ನಿದ್ದೆ ಹೊಡೆಯುತ್ತಾನೆ. ಹಲಸೂರು ಕೆರೆ ಬಂದಾಗಲೆಲ್ಲ ಓವೈಸ್ ಅಭ್ಯಾಸಬಲದಿಂದ ಆ ಕಡೆ ತಿರುಗಿ, ಸುನಿಲ್‌ನ ಬಾಯಿ ಕಂಡು ಕಣ್ಣು ತೇವ ಮಾಡಿಕೊಳ್ಳುತ್ತಾನೆ.

ಅಂದು ತಡೆಯಲಾರದೆ ಅದೇ ಸುನಿಲ್‌ಗೆ ಗುಟ್ಟು ಹೇಳಿದ.

“ಮಗಾ, ಲವ್ ಲೆಟರ್ರಾ! ಎಲ್ಲಾ ಮೆಷಿನ್ನೂ ಒಂದ್ಸಲ ರೀಸ್ಟಾರ್ಟ್ ಮಾಡ್ಬಿಡೋಣ ಇರು,” ಎಂದವನು ಉತ್ತರಕ್ಕೂ ಕಾಯದೆ ಮಾಡಿಯೇಬಿಟ್ಟ. ಅಂಬ್ರೀನಳ ವಾಲ್ಯೂಮ್ ಅಲ್ಲಾಡಲಿಲ್ಲ. ಕೆಳಗಿನ ಮಹಡಿಯಲ್ಲಿ ಗ್ರಾಹಕರಿಗೆ ತೋರಿಸುತ್ತಿದ್ದ ಡೆಮೊ ನಿಂತುಹೋಯಿತು.

ಭೀಮಾಶಂಕರ ಬೆವರು ಒರೆಸಿಕೊಳ್ಳುತ್ತ ಓಡಿಬಂದ. “ಯಾರ್ರೀ ಇದು ಮಾಡಿದ್ದು?”

“ಸರ್, ಅಂಬ್ರೀನ್ ಇವನಿಗೆ ಲೆಟರ್ ಬರ್ದಿದ್ದಾಳೆ. ವಾಲ್ಯೂಮಲ್ಲಿ ಸಿಕ್ಕಾಕೊಂಡಿದೆ,” ಎಂದು ಸುನಿಲ್ ಇಡೀ ಮಹಡಿಗೆ ಕೇಳುವಂತೆ ಹೇಳಿದ.

ಭೀಮಾಶಂಕರನ ಸಿಟ್ಟು ಕುತೂಹಲಕ್ಕೆ ತಿರುಗಿತು. “ಹಂಗಾದ್ರೆ ಆರು ಗಂಟೆವರೆಗೂ ಟೈಮ್ ಕೊಡ್ತೀನಿ. ಆಮೇಲೆ ಅಳಿಸ್ಲೇಬೇಕು ಕಣ್ರೀ,” ಎಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಳಿತ.

ಅವನ ಹಿಂದೆ ಹತ್ತಾರು ಮಂದಿ ಜಮಾಯಿಸಿದರು. ಒಬ್ಬ ಕೋಡಿನ ಈ ಸಾಲು ತೆಗಿ ಎಂದರೆ ಇನ್ನೊಬ್ಬ ಸೇರಿಸು ಎಂದ. ಎಲ್ಲರ ಮಾತೂ ಕೇಳಿ ಬದಲಿಸಿದ್ದಕ್ಕೆ, ಬದುಕಿದ್ದ ಮೆಷಿನ್‌ಗಳೂ ತಮ್ಮ ವಾಲ್ಯೂಮ್‌ಗಳನ್ನು ಕೈಬಿಡತೊಡಗಿದವು. ಅದನ್ನು ಮೊದಲಿನಂತೆ ಮಾಡುವಷ್ಟರಲ್ಲಿ ಓವೈಸ್‌ಗೆ ಊಟ ತಪ್ಪಿ ನಾಲ್ಕು ಗಂಟೆಯಾಗಿತ್ತು.

ಟೀ ಕೊಡುವ ಜಟ್ಟೆಮ್ಮ ಲೋಟ ಇಡುತ್ತ, “ಎಲ್ರೂ ಬಾಯಿ ಹಾಕುದ್ರೆ ಹೆಂಗಪ್ಪಾ? ನೀನ್ ಬರ್ದಿದ್ದು ನೀನೇ ಮೊದ್ಲಿಂದ ಓದ್ಕೊಂಡ್ ಬಾ,” ಎಂದಳು.

ಓದಿದ. ಐದೂಮುಕ್ಕಾಲಿಗೆ ಇನ್ನೂರ ಹನ್ನೆರಡನೇ ಸಾಲಿನಲ್ಲಿ ಕಳ್ಳ ಸಿಕ್ಕಿಬಿದ್ದ. ವಾಲ್ಯೂಮ್ ಬಿಡಿಸುವ ಮೊದಲು ಸಾಫ್ಟ್‌ವೇರು ಸತ್ತ ಮೆಷಿನ್ನನ್ನೇ ಒಪ್ಪಿಗೆ ಕೇಳಿ, ಅದರ ಉತ್ತರಕ್ಕೆ ಕಾಯುತ್ತ ಕುಳಿತಿತ್ತು. ಹೀಗೆ ಬರೆದ ಮಹಾನುಭಾವ ಓವೈಸನೇ. ಸಾಲು ತಿದ್ದಿದ, ವಾಲ್ಯೂಮ್ ತಣ್ಣಗೆ ಹೊಸ ಮೆಷಿನ್ನಿಗೆ ಬಂದು ಕೂತಿತು. ಅವನು ಫೈಲು ತೆರೆಯುತ್ತಲೇ ಎಲ್ಲರೂ ಪರದೆಯತ್ತ ಬಗ್ಗಿದರು. ಒಂದು ಒತ್ತಕ್ಷರವೂ ಒಡೆದಿರಲಿಲ್ಲ.

‘ಓವೈಸ್, ಮೆಷಿನ್ ಸತ್ತರೆ ವಾಲ್ಯೂಮ್ ಬಿಡದ ಬಗ್ ಸಿಕ್ಕಿತು. ಸಾಲು ಇನ್ನೂರ ಹನ್ನೆರಡು. ಸತ್ತವರ ಉತ್ತರಕ್ಕೆ ಕಾಯುತ್ತಿದೆ. ನಿಮ್ಮ ತಪ್ಪು ಅಂತ ಎಲ್ಲರೆದುರು ಹೇಳಲು ಮನಸ್ಸು ಬರಲಿಲ್ಲ.’

“ಥೂ, ಇದಾ ಲೆಟರ್ರು!” ಎಂದ ಸುನಿಲ್. ಮಹಡಿಯೆಲ್ಲ ಗೊಳ್ಳೆಂದು ನಕ್ಕಿತು. ಭೀಮಾಶಂಕರ ಬೆನ್ನು ತಟ್ಟಿ ಹೋದ. ಕ್ಯಾಬ್ ಹೊತ್ತಾಯಿತೆಂದು ಉಳಿದವರೂ ಚದುರಿದರು. ಓವೈಸ್ ಒಬ್ಬನೇ ಕೂತು ಫೈಲನ್ನು ಕೆಳಗೆ ಸರಿಸಿದ. ಇನ್ನೂ ಎರಡು ಸಾಲುಗಳಿದ್ದವು.

‘ಈ ಶನಿವಾರ ನಾಲ್ಕಕ್ಕೆ ನಿಮ್ಮ ಮನೆ ಹತ್ತಿರದ ಮಾಸ್ಕ್ ರೋಡಿನಲ್ಲಿ ಟೀ ಕುಡಿಯೋಣವೇ? ಭಾನುವಾರ ಪುಣೆಯವರು ನನ್ನನ್ನು ನೋಡಲು ಬರುತ್ತಿದ್ದಾರೆ, ನೀವು ಬಂದರೆ ಅವರಿಗೆ ಬೇಡ ಎಂದುಬಿಡುತ್ತೇನೆ.’

“ಇನ್ನೇನ್ ಬರ್ದವ್ಳಪ್ಪಾ?” ಲೋಟ ಎತ್ತುತ್ತ ಜಟ್ಟೆಮ್ಮ ಕೇಳಿದಳು.

“ಶನಿವಾರ ಟೀಗೆ ಕರ್ದಿದ್ದಾಳೆ, ಜಟ್ಟೆಮ್ಮ.”

“ನಾಳೇನೇ ಶನಿವಾರ! ಒಳ್ಳೇ ಅಂಗಿ ಹಾಕ್ಕೊಂಡ್ ಹೋಗು.”

ಓವೈಸ್ ಫೈಲಿನ ತಾರೀಕು ನೋಡಿದ. ಆ ಶನಿವಾರ ಕಳೆದು ನಾಲ್ಕು ತಿಂಗಳಾಗಿತ್ತು. ಫೋನ್ ತೆಗೆದು, ನಾಲ್ಕು ತಿಂಗಳಿಂದ ಒತ್ತದ ನಂಬರು ಒತ್ತಿದ. ಆ ಕಡೆ ಕುಕ್ಕರ್ ಕೂಗುತ್ತಿತ್ತು.

“ಓವೈಸ್! ಬಗ್ ಸರಿ ಹೋಯ್ತಾ?”

“ಹೋಯ್ತು.”

“ಯಾವಾಗ?”

“ಈಗ.”

ಕುಕ್ಕರ್ ಇನ್ನೆರಡು ಸಲ ಕೂಗಿತು.

“ಇಲ್ಲಿ ಪುಣೆಯಲ್ಲಿ ಮಳೆ ಶುರುವಾಗಿದೆ,” ಎಂದಳು ಅಂಬ್ರೀನ್.