ತುಕ್ಕುವೀರನೂ ನನ್ನ ತುಲನಾತ್ಮಕ ಅಧ್ಯಯನವೂ

ಲೋಕದಲ್ಲಿ ಸಿನಿಮಾ ನೋಡಿದವರು ಬಹಳ ಜನ ಇದ್ದಾರೆ, ಪುಸ್ತಕ ಓದಿದವರು ಒಂದಷ್ಟು ಜನ ಇದ್ದಾರೆ. ಎರಡನ್ನೂ ಎದುರುಬದುರು ಕೂರಿಸಿ ನ್ಯಾಯ ಹೇಳಬಲ್ಲವನು ನಾನೊಬ್ಬನೇ ಎಂದು ಒಂದು ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ತೀರ್ಮಾನಿಸಿದೆ.

ತೀರ್ಮಾನಕ್ಕೆ ಕಾರಣ ಕಾಮಾಲೆ. ನನಗಲ್ಲ, ನಮ್ಮ ವಾರಪತ್ರಿಕೆಯ ಸಿನಿಮಾ ವಿಮರ್ಶಕರಿಗೆ. ನಾನು ಅದೇ ಪತ್ರಿಕೆಯಲ್ಲಿ ಹದಿನೇಳು ವರ್ಷಗಳಿಂದ ಕರಡು ತಿದ್ದುವವನು. ಬೇರೆಯವರ ಅಲ್ಪಪ್ರಾಣ ಮಹಾಪ್ರಾಣಗಳನ್ನು ತಿದ್ದಿ ತಿದ್ದಿ ನನ್ನ ಪ್ರಾಣವೇ ಅಲ್ಪವಾಗಿತ್ತು. ಆ ವಾರ ‘ತುಕ್ಕುವೀರ’ ಎಂಬ ಅತಿಮಾನವನ ಸಿನಿಮಾ ತೆರೆಗೆ ಬಂದಿತ್ತು. ಅದೇ ಹೆಸರಿನ ಹಳೆಯ ಗ್ರಾಫಿಕ್ ನಾವೆಲ್, ಅಂದರೆ ಮೊದಲಿನಿಂದ ಕೊನೆಯವರೆಗೆ ಚಿತ್ರಗಳಲ್ಲೇ ಹೇಳಿದ ಕಾದಂಬರಿ, ಅದಕ್ಕೆ ಮೂಲ. ಎರಡನ್ನೂ ಹೋಲಿಸಿ ಬುಧವಾರದೊಳಗೆ ಯಾರು ಬರೆಯುತ್ತೀರಿ ಎಂದು ಸಂಪಾದಕರು ಕೇಳಿದಾಗ, ಬೇರೆಯವರು ಉಗುರು ನೋಡಿಕೊಳ್ಳುತ್ತಿದ್ದರು. ನಾನು ಎದ್ದು ನಿಂತೆ.

“ಚೌಕಟ್ಟಿಗೆ ಚೌಕಟ್ಟು ಹೋಲಿಸಿ ಬರೀತೀನಿ ಸರ್,” ಎಂದೆ.

“ಅಷ್ಟೆಲ್ಲ ಬೇಡ. ಎರಡು ಪುಟ ಬರೀರಿ ಸಾಕು,” ಎಂದರು ಅವರು.

ಪುಸ್ತಕ ಇದ್ದದ್ದು ನನ್ನ ಹೆಂಡತಿಯ ತಮ್ಮನ ಹತ್ತಿರ. ಆತ ದಂತವೈದ್ಯ. ಚಿತ್ರಕಾದಂಬರಿಗಳ ಮೊದಲ ಮುದ್ರಣದ ಪ್ರತಿಗಳನ್ನು ಹುಡುಕಿ ತಂದು, ಪ್ಲಾಸ್ಟಿಕ್ ಹೊದಿಸಿ, ಗಾಜಿನ ಬೀರುವಿನಲ್ಲಿ ಇಡುವುದು ಅವನ ಹುಚ್ಚು. ಕ್ಲಿನಿಕ್ಕಿಗೆ ಹೋಗಿ ಕೇಳಿದೆ. ಒಬ್ಬ ರೋಗಿಯ ದವಡೆ ಮರಗಟ್ಟುವವರೆಗೆ ಯೋಚನೆ ಮಾಡಿ, ಕೊನೆಗೆ ಷರತ್ತುಗಳನ್ನು ಹೇಳಿದ. ಕೈ ತೊಳೆದು ಒರೆಸಿಕೊಂಡೇ ಮುಟ್ಟಬೇಕು. ಹತ್ತಿರ ಚಹಾ ಇರಕೂಡದು. ಪುಸ್ತಕವನ್ನು ತೊಂಬತ್ತು ಡಿಗ್ರಿಗಿಂತ ಹೆಚ್ಚು ತೆರೆಯಬಾರದು, ಅಂಟು ಹಳೆಯದು. ಊರಿನವರ ಬಾಯನ್ನೆಲ್ಲ ಇನ್ನೂ ಅಗಲ, ಇನ್ನೂ ಅಗಲ ಎನ್ನುವ ಮನುಷ್ಯ ಪುಸ್ತಕವನ್ನು ಮಾತ್ರ ಅಗಲಿಸಬೇಡಿ ಎಂದ. ಹೊರಡುವಾಗ ಬಾಗಿಲವರೆಗೂ ಬಂದು, “ಭಾವ, ನಿಮ್ಮನ್ನ ನಂಬಿ ಕೊಡ್ತಿದೀನಿ,” ಎಂದ.

ಶನಿವಾರ ಬೆಳಿಗ್ಗೆ ಕೈ ತೊಳೆದು ಕೂತೆ. ಕಥೆ ಚೆನ್ನಾಗಿತ್ತು. ಒಬ್ಬ ಹುಡುಗ, ಅವನು ಬರಿಗೈಯಲ್ಲಿ ಮುಟ್ಟಿದ ಕಬ್ಬಿಣವೆಲ್ಲ ತುಕ್ಕು ಹಿಡಿದು ಉದುರುತ್ತದೆ. ಅವನ ತಾಯಿ ಹೊಲಿಗೆಯವಳು. ಮಗ ಹೊಲಿಗೆ ಯಂತ್ರದ ಹತ್ತಿರ ಸುಳಿಯುವಂತಿಲ್ಲ. ಮೊದಲ ನಲವತ್ತು ಪುಟವನ್ನು ತೊಂಬತ್ತು ಡಿಗ್ರಿಯಲ್ಲೇ, ಬಾಗಿಲ ಸಂದಿಯಿಂದ ಇಣುಕಿದ ಹಾಗೆ ಓದಿದೆ. ನಲವತ್ತನೆಯ ಪುಟದಲ್ಲಿ ಎರಡು ಪುಟಗಳಿಗೂ ಹರಡಿದ ಒಂದು ದೊಡ್ಡ ಚಿತ್ರ ಬಂತು: ಹುಡುಗ ಸೇತುವೆಯೊಂದನ್ನು ಮುಟ್ಟಿಬಿಟ್ಟಿದ್ದಾನೆ. ಸೇತುವೆಯ ನಡುಭಾಗವೇ ಮಡಿಕೆಯೊಳಗೆ ಹೋಗಿತ್ತು. ನಡುಭಾಗ ನೋಡದ ವಿಮರ್ಶಕ ಎಂಥ ವಿಮರ್ಶಕ ಎಂದುಕೊಂಡು ಅಂಗೈ ಇಟ್ಟು ಒತ್ತಿದೆ.

ಪಟ್ ಎಂದಿತು. ಹನ್ನೆರಡು ಹಾಳೆ ಕೈಗೆ ಬಂದವು.

ಇನ್ನೊಬ್ಬನಾಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದ. ನಾನು ಆಪತ್ತನ್ನು ಅಧ್ಯಯನ ವಿಧಾನವಾಗಿ ಪರಿವರ್ತಿಸಿದೆ. ಸಿನಿಮಾ ಮಾಡುವವರು ಇಡೀ ಕಥೆಯನ್ನು ಚಿತ್ರ ಬರೆದು ಗೋಡೆಗೆ ಅಂಟಿಸಿಕೊಂಡು ನೋಡುತ್ತಾರಂತೆ. ನಾನೂ ಹಾಗೆಯೇ ನೋಡುತ್ತೇನೆ, ಹೇಗೂ ಅಂಟು ಬಿಟ್ಟಿದೆ, ಸಂಜೆ ಬೈಂಡ್ ಮಾಡಿಸಿದರಾಯಿತು. ಉಳಿದ ಹಾಳೆಗಳನ್ನೂ ಒಂದೊಂದಾಗಿ ಬಿಡಿಸಿದೆ. ಒಟ್ಟು ನೂರ ಎಂಟು. ಹಾಲ್‌ನ ನೆಲದ ಮೇಲೆ, ಸೋಫಾದ ಮೇಲೆ, ಊಟದ ಮೇಜಿನ ಮೇಲೆ ಸಾಲಾಗಿ ಹರಡಿದೆ.

ಆ ಹೊತ್ತಿಗೆ ನನ್ನ ಹೆಂಡತಿ ಕೆಲಸಕ್ಕೆ ಹೊರಟು ಬಂದಳು. ಅವಳು ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗದಲ್ಲಿದ್ದಾಳೆ. ಒಂದು ಹನಿಗೂ ಚೀಟಿ ಅಂಟಿಸದೆ ಬಿಡುವವಳಲ್ಲ. ನಮ್ಮ ಮನೆಯ ಉಪ್ಪಿನ ಡಬ್ಬಿಗೂ ತಾರೀಖು ಇದೆ. ತಮ್ಮನ ಪುಸ್ತಕ ನೆಲದ ಮೇಲೆ ಮಲಗಿರುವುದನ್ನು ಒಂದು ನಿಮಿಷ ನೋಡಿದಳು. ಬೈಯಲಿಲ್ಲ. ಬೈಯುತ್ತ ನಿಂತರೆ ಬಸ್ಸು ತಪ್ಪುತ್ತಿತ್ತು.

“ಪುಟದ ನಂಬರ್ ಎಲ್ಲೂ ಕಾಣ್ತಿಲ್ಲವಲ್ಲ?” ಎಂದಳು.

ಈ ಕಲಾವಿದರು ಪುಟಸಂಖ್ಯೆ ಹಾಕುವುದಿಲ್ಲ, ಓದುಗ ಎಣಿಸಬಾರದು, ಅನುಭವಿಸಬೇಕು ಎಂಬುದು ಅವರ ನಿಲುವು ಎಂದು ವಿವರಿಸಿದೆ.

“ಹಾಗಾದ್ರೆ ಮೂಲೆಯಲ್ಲಿ ಪೆನ್ಸಿಲ್‌ನಿಂದ ಸಣ್ಣದಾಗಿ ನೀವೇ ಹಾಕಿಬಿಡಿ. ಆಮೇಲೆ ಅಳಿಸಬಹುದು.”

ಕಲಾಕೃತಿಯ ಮೇಲೆ ಪೆನ್ಸಿಲ್ ಆಡಿಸುವುದು ಅಪಚಾರವೆಂದೂ, ಹದಿನೇಳು ವರ್ಷ ಕರಡು ನೋಡಿದವನಿಗೆ ನೂರ ಎಂಟು ಹಾಳೆ ಒಂದು ಲೆಕ್ಕವಲ್ಲವೆಂದೂ ಹೇಳಿದೆ. ಅವಳು ಚಪ್ಪಲಿ ಮೆಟ್ಟಿಕೊಂಡು, ನಾಲ್ಕಕ್ಕೆ ಬರುತ್ತೇನೆ, ಕಾಲಿಡಲು ಜಾಗ ಇರಲಿ ಎಂದು ಹೇಳಿ ಹೋದಳು.

ಕುರ್ಚಿ ಹತ್ತಿ ನಿಂತು ಮೇಲಿನಿಂದ ನೋಡಿದೆ. ಸೇನಾಪತಿಗೆ ರಣರಂಗ ಕಂಡ ಹಾಗೆ ಇಡೀ ಕಾದಂಬರಿ ನನ್ನ ಕಾಲಕೆಳಗೆ ಕಂಡಿತು. ಇಳಿದೆ, ಬಗ್ಗಿದೆ, ಹಾಳೆ ತಿರುಗಿಸಿದೆ, ಮತ್ತೆ ಹತ್ತಿದೆ. ಅರ್ಧ ಗಂಟೆಯಲ್ಲಿ ಬೆವರು ಕಿತ್ತುಕೊಂಡು ಬಂತು. ಹಣೆಯ ಬೆವರು ಪುಟದ ಮೇಲೆ ಬಿದ್ದರೆ ಭಾವಮೈದನಿಗೆ ಏನು ಹೇಳಲಿ ಎಂಬ ಒಂದೇ ಕಾಳಜಿಯಿಂದ, ಪುಸ್ತಕದ ಹಿತಕ್ಕಾಗಿಯೇ, ಗೋಡೆಯ ಗುಂಡಿ ಒತ್ತಿ ಫ್ಯಾನನ್ನು ಐದಕ್ಕೆ ತಿರುಗಿಸಿದೆ.

ಆಮೇಲೆ ನಡೆದದ್ದನ್ನು ವಿವರಿಸುವ ಶಕ್ತಿ ನನಗಿಲ್ಲ. ತುಕ್ಕುವೀರ ಹಾರಬಲ್ಲ ಎಂದು ಮೂಲದಲ್ಲಿ ಎಲ್ಲೂ ಹೇಳಿರಲಿಲ್ಲ. ನಮ್ಮ ಹಾಲ್‌ನಲ್ಲಿ ಹಾರಿದ. ತಾಯಿ ಹಾರಿದಳು, ಸೇತುವೆ ಹಾರಿತು, ಖಳನಾಯಕ ಫ್ರಿಜ್ಜಿನ ಕೆಳಗೆ ತಲೆಮರೆಸಿಕೊಂಡ. ಗುಂಡಿಯ ಹತ್ತಿರ ಓಡಬೇಕೆಂದರೆ ಹಾಳೆಗಳ ಮೇಲೆ ಕಾಲಿಡಬೇಕು. ಒಂಟಿಗಾಲಲ್ಲಿ ಕುಪ್ಪಳಿಸಿ ತಲುಪುವ ಹೊತ್ತಿಗೆ ಎಲ್ಲ ಶಾಂತವಾಗಿ ಒಂದರ ಮೇಲೊಂದು ಮಲಗಿದ್ದವು.

ಈಗ ಒಂದು ಸತ್ಯ ಹೇಳಬೇಕು. ನಾನು ಓದಿದ್ದು ನಲವತ್ತೇ ಪುಟ. ಅಂದರೆ ಇಪ್ಪತ್ತು ಹಾಳೆಯ ಜಾಗ ಗೊತ್ತಿತ್ತು, ಎಂಬತ್ತೆಂಟರದ್ದು ಗೊತ್ತಿರಲಿಲ್ಲ. ಆದರೂ ಧೈರ್ಯಗೆಡಲಿಲ್ಲ. ಕಥೆಗೊಂದು ತರ್ಕ ಇರುತ್ತದೆ ತಾನೆ? ಗಡ್ಡ ಇಲ್ಲದ ಪುಟ ಮೊದಲು, ಗಡ್ಡ ಇರುವ ಪುಟ ಆಮೇಲೆ ಎಂದು ಜೋಡಿಸುತ್ತ ಹೋದೆ. ಮನುಷ್ಯ ನಡುವೆ ಗಡ್ಡ ಬೋಳಿಸಿಕೊಳ್ಳಬಹುದು ಎಂಬುದು ಹೊಳೆಯಲಿಲ್ಲ. ಮೂರು ಗಂಟೆಗೆ ಜೋಡಣೆ ಮುಗಿಯಿತು. ನಮ್ಮ ಮುದ್ರಣಾಲಯದ ಪಕ್ಕದ ಬೈಂಡರ್ ಹತ್ತಿರ ಓಡಿದೆ. ಅಂಟು ಸವರುವ ಮೊದಲು ಅವರು, “ಪುಟ ಸರಿಯಾಗಿದೆಯಾ ನೋಡ್ಕೊಳ್ಳಿ. ಒಣಗಿದ ಮೇಲೆ ನನ್ನ ಕೇಳಬೇಡಿ,” ಎಂದರು. ನಾನು ಯಾರು, ನನ್ನ ಉದ್ಯೋಗ ಏನು ಎಂದು ನೆನಪಿಸಿದೆ. ಅವರು ಅಂಟು ಸವರಿದರು.

ಭಾನುವಾರ ಬೆಳಿಗ್ಗೆ ಪುಸ್ತಕವನ್ನು ಪೂರ್ತಿ ಓದಿದೆ. ಬೆರಗಾದೆ! ಅರವತ್ತನೆಯ ಪುಟದ ಸುಮಾರಿಗೆ ತಾಯಿ ತೀರಿಕೊಳ್ಳುತ್ತಾಳೆ. ನೂರ ಮೂವತ್ತರಲ್ಲಿ ಎದ್ದು ಬಂದು, ತಿಂಡಿ ತಿನ್ನದೆ ಹೊರಟೆಯಾ ಎಂದು ಮಗನನ್ನು ಗದರುತ್ತಾಳೆ. ನಾಯಕ ಮೊದಲು ಖಳನನ್ನು ಸೋಲಿಸಿ, ಆಮೇಲೆ ಅವನ ಪರಿಚಯ ಮಾಡಿಕೊಳ್ಳುತ್ತಾನೆ. ನಾನೇ ತಪ್ಪು ಜೋಡಿಸಿರಬಹುದು ಎಂಬ ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂತು. ಅರ್ಧ ನಿಮಿಷ ಇತ್ತು, ಹೋಯಿತು. ಇದು ಕಾಲದ ಸರಪಳಿಯನ್ನೇ ಮುರಿದ ಮಹಾಕೃತಿ ಎಂದು ನನಗೆ ಖಚಿತವಾಯಿತು.

ಮಧ್ಯಾಹ್ನ ನಾನೂ ಹೆಂಡತಿಯೂ ಸಿನಿಮಾಕ್ಕೆ ಹೋದೆವು. ಅಲ್ಲಿ ಎಲ್ಲವೂ ಶಿಸ್ತಾಗಿ ಸಾಲಲ್ಲಿ ನಿಂತು ಬರುತ್ತಿತ್ತು. ನಾನು ಹಲ್ಲು ಕಡಿಯುತ್ತ ಕತ್ತಲಲ್ಲೇ ಟಿಪ್ಪಣಿ ಬರೆದುಕೊಂಡೆ. ಕೊನೆಗೆ ಆಸ್ಪತ್ರೆಯ ಕಬ್ಬಿಣದ ಮಂಚದ ಮೇಲೆ ತಾಯಿ ಮಲಗಿದ್ದಾಳೆ. ಮಗ ಹುಟ್ಟಿದಾಗಿನಿಂದ ಹಾಕಿಕೊಂಡಿದ್ದ ಕೈಗವಸು ತೆಗೆದು ಅವಳ ಕೈ ಹಿಡಿಯುತ್ತಾನೆ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳಬೇಡ, ಮೂಲದಲ್ಲಿ ಇವಳು ಆಮೇಲೂ ಬರುತ್ತಾಳೆ ಎಂದು ಪಿಸುಗುಟ್ಟಿದೆ.

“ಸತ್ತ ಮೇಲೆ?”

“ಸತ್ತು ಎಪ್ಪತ್ತು ಪುಟ ಆದ ಮೇಲೆ. ತಿಂಡಿ ಮಾಡ್ತಾಳೆ.”

“ಅದು ನೆನಪು ಅಂತ ಎಲ್ಲಾದ್ರೂ ಬರೆದಿದೆಯಾ?”

“ದೊಡ್ಡ ಕಲಾವಿದರು ಅದನ್ನೆಲ್ಲ ಬರೆಯಲ್ಲ ಕಣೆ.”

ಅವಳು ಕಣ್ಣೊರೆಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಹಿಂದಿನ ಸಾಲಿನವರು ಸುಮ್ಮನಿರುವಂತೆ ಹೇಳಿದ್ದರಿಂದ ಮಾತು ಅಲ್ಲಿಗೇ ನಿಂತಿತು.

ಸೋಮವಾರ ಪುಸ್ತಕ ಹಿಂದಿರುಗಿಸಿದೆ. ಭಾವಮೈದ ಬೆನ್ನನ್ನೂ ಮೂಲೆಗಳನ್ನೂ ಹಲ್ಲು ನೋಡುವ ದೀಪದ ಕೆಳಗೆ ಪರೀಕ್ಷಿಸಿ, ಹೊಸದರಂತೆ ಇದೆ ಎಂದು ಮೆಚ್ಚಿ, ಒಳಗೆ ನೋಡದೆ ಪ್ಲಾಸ್ಟಿಕ್ ಹೊದಿಸಿದ. ಬುಧವಾರ ‘ಕಾಲವನ್ನು ಕೊಂದ ಕ್ಯಾಮೆರಾ’ ಎಂಬ ನನ್ನ ಲೇಖನ ತಯಾರಾಯಿತು. ಎರಡು ಪುಟ ಕೇಳಿದ್ದರು, ಐದು ಕೊಟ್ಟೆ. ಮೂಲದ ಮಹಾನ್ ಗೊಂದಲವನ್ನು ನಿರ್ದೇಶಕರು ಹೇಡಿಗಳಂತೆ ನೇರಗೊಳಿಸಿದ್ದಾರೆ ಎಂದು ಝಾಡಿಸಿದ್ದೆ. ಸಂಪಾದಕರು ಬೆನ್ನು ತಟ್ಟಿದರು. ಸಿನಿಮಾ ಪುಟ ಇನ್ನು ನನಗೇ ಎಂಬ ಸೂಚನೆಯೂ ಸಿಕ್ಕಿತು.

ಹತ್ತು ದಿನಕ್ಕೆ ಒಂದು ಕಾಗದ ಬಂತು. ಬರೆದವರು ಊರಿನ ಗ್ರಂಥಾಲಯದಲ್ಲಿ ಓದುಗರ ಬಳಗ ನಡೆಸುವ ನಿವೃತ್ತ ಮುಖ್ಯೋಪಾಧ್ಯಾಯಿನಿ. ತಮ್ಮ ಪ್ರತಿಯಲ್ಲಿ ಕಥೆ ಸಿನಿಮಾದಲ್ಲಿರುವಂತೆ ನೇರವಾಗಿಯೇ ಇದೆಯಲ್ಲ ಎಂದು ವಿನಯದಿಂದ ಕೇಳಿದ್ದರು. ಆಗಲಾದರೂ ನಾನು ತೆಪ್ಪಗಿರಬೇಕಿತ್ತು. ನಾನು ಓದಿದ್ದು ಮೊದಲ ಮುದ್ರಣ, ಆಮೇಲಿನ ಮುದ್ರಣಗಳಲ್ಲಿ ದಡ್ಡ ಓದುಗರಿಗೆ ಹೆದರಿ ಸರಳ ಮಾಡಿರಬೇಕು ಎಂದು ಉತ್ತರಿಸಿದೆ. ಅವರು ಕುತೂಹಲಗೊಂಡು ಬಳಗದಲ್ಲಿ ಮಾತನಾಡಲು ಕರೆದರು. ಆ ಪ್ರತಿಯನ್ನೂ ತಂದರೆ ಉಪಕಾರವಾಗುತ್ತದೆ ಎಂದರು. ಭಾವಮೈದನಿಗೆ ಹೇಳಿದರೆ ಅವನು ಕ್ಲಿನಿಕ್ಕಿಗೆ ಬೀಗ ಹಾಕಿ ಬಿಳಿ ಕೈಗವಸು ತೊಟ್ಟು ತಾನೇ ಹೊತ್ತು ತಂದ. ಹೆಂಡತಿಯೂ ಜೊತೆಗೆ ಬಂದಳು.

ಇಪ್ಪತ್ತು ಜನ, ಇಪ್ಪತ್ತು ಪ್ರತಿ. ತಾಯಿ ಸತ್ತ ನಂತರದ ಅಧ್ಯಾಯ ತೆಗೆಯಿರಿ ಎಂದೆ. ಇಪ್ಪತ್ತು ಜನರೂ ಹಿಂಬದಿಯ ರಟ್ಟು ನೋಡಿದರು. ಆಗ ಭಾವಮೈದ ತನ್ನ ಪ್ರತಿಯನ್ನು ಮೆಲ್ಲಗೆ ತೆರೆದು ತೋರಿಸಿದ. ನಾನು ಹೇಳಿದಂತೆಯೇ ಇತ್ತು! ಎಲ್ಲರೂ ಕುರ್ಚಿ ಬಿಟ್ಟು ಮುತ್ತಿಕೊಂಡರು. ಇದನ್ನು ಪ್ರಕಾಶಕರಿಗೆ ತಿಳಿಸಲೇಬೇಕು, ಸಂಶೋಧಕರು ಬಂದು ನೋಡಬೇಕು ಎಂದು ಮುಖ್ಯೋಪಾಧ್ಯಾಯಿನಿ ಕಾಗದ ತೆಗೆದರು. ಭಾವಮೈದನ ಕಣ್ಣು ತುಂಬಿತ್ತು.

“ಅಕ್ಕಾ, ಇಂಥ ಪ್ರತಿ ಜಗತ್ತಿನಲ್ಲೇ ಇದೊಂದೇ ಇರಬಹುದು.”

ಅವನು ಹೇಳಿದ್ದು ನೂರಕ್ಕೆ ನೂರು ನಿಜವಾಗಿತ್ತು. ಅವನ ಅಕ್ಕ ಮಾತ್ರ ಪುಸ್ತಕ ನೋಡಲಿಲ್ಲ. ರಕ್ತದಲ್ಲಿ ಏನೋ ಕಂಡವಳ ಹಾಗೆ ನನ್ನನ್ನು ನೋಡಿದಳು.

“ರೀ, ಅವತ್ತು ಫ್ಯಾನ್ ಹಾಕಿದ್ರಾ?”

ಗ್ರಂಥಾಲಯದಲ್ಲಿ ಮೆಲ್ಲಗೆ ಆಡಿದ ಮಾತೂ ಎಲ್ಲರಿಗೂ ಕೇಳುತ್ತದೆ. ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ ಭಾವಮೈದನ ಮುಖ ಕಣ್ಣೆದುರಿಗೇ ಇತ್ತು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವನು ಅಷ್ಟು ಸಂತೋಷಪಟ್ಟಿದ್ದನ್ನು ನಾನು ಕಂಡಿರಲಿಲ್ಲ. ಆ ಸಂತೋಷವನ್ನು ಹೊತ್ತುಕೊಂಡು ಅವನು ಊರೂರು ತಿರುಗಿ ಮಾನ ಕಳೆದುಕೊಳ್ಳುವುದು ಬೇಡವೆನಿಸಿತು. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ: ಸೇತುವೆ, ಅಂಟು, ಗಡ್ಡ, ಬೈಂಡರ್, ಒಂದನ್ನೂ ಬಿಡದೆ.

ಮುತ್ತಿಕೊಂಡಿದ್ದವರು ಒಬ್ಬೊಬ್ಬರಾಗಿ ತಮ್ಮ ಕುರ್ಚಿಗೆ ಮರಳಿದರು.

“ತುಕ್ಕುವೀರನಿಗೆ ಫ್ಯಾನ್‌ಗಳು ಬಹಳ ಇದಾರೆ,” ಎಂದರು ಮುಖ್ಯೋಪಾಧ್ಯಾಯಿನಿ, ಕಾಗದ ಮಡಚಿಡುತ್ತ. “ಕಥೇನೇ ತಿದ್ದಿದ ಫ್ಯಾನ್ ನಿಮ್ಮದೊಂದೇ.”

ಭಾವಮೈದ ಮಾತ್ರ ನಗಲಿಲ್ಲ. “ಎಷ್ಟು ಡಿಗ್ರಿ ತೆರೆದ್ರಿ ಭಾವ?” ಎಂದು ಕೇಳಿದ. ನೂರ ಎಂಬತ್ತು ಎಂದೆ. ಕಣ್ಣು ಮುಚ್ಚಿಕೊಂಡ.

ಮರುದಿನ ಭಾನುವಾರ ಮುಖ್ಯೋಪಾಧ್ಯಾಯಿನಿಯವರ ಪ್ರತಿಯನ್ನು ಎದುರಿಗಿಟ್ಟುಕೊಂಡು ಮೂವರೂ ನಮ್ಮ ಹಾಲ್‌ನಲ್ಲಿ ಕೂತೆವು. ಅಂಟು ಬಿಡಿಸಿದೆವು. ಹೆಂಡತಿ ನೂರ ಎಂಟು ಹಾಳೆಗೂ ಸಣ್ಣ ಚೀಟಿ ಸಿಕ್ಕಿಸಿದಳು. ಬೆವರು ಸುರಿಯುತ್ತಿದ್ದರೂ ಯಾರೂ ಗೋಡೆಯ ಕಡೆ ನೋಡಲಿಲ್ಲ. ಅರ್ಧ ಕೆಲಸ ಆದ ಮೇಲೆ ಭಾವಮೈದ, ತಾನೂ ಇದನ್ನು ಈವರೆಗೆ ಓದಿರಲಿಲ್ಲ, ಹಾಳಾದೀತೆಂದು ಹೆದರಿಕೆ ಇತ್ತು ಎಂದು ತಲೆ ಎತ್ತದೆ ಹೇಳಿದ. ಹಾಗಾಗಿ ಓದುತ್ತಲೇ ಜೋಡಿಸಿದೆವು. ಕೊನೆಯ ಹಾಳೆಯಲ್ಲಿ ಮಗ ತಾಯಿಯ ಕೈ ಹಿಡಿಯುತ್ತಾನೆ, ಮಂಚ ತುಕ್ಕು ಹಿಡಿಯುತ್ತಿದ್ದರೂ ಬಿಡುವುದಿಲ್ಲ. ಈ ಸಲ ಅವಳು ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಕನ್ನಡಕ ಒರೆಸುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ಆದರೂ ನಾನು ಹಿಡಿದ ಕೆಲಸ ಬಿಡುವವನಲ್ಲ. ಪ್ರಾಮಾಣಿಕವಾಗಿ ಎರಡನೆಯ ಬಾರಿ ಹೋಲಿಸಿಯೇ ತೀರುವೆನೆಂದು ಮತ್ತೆ ಮೂರು ಸಲ ಸಿನಿಮಾ ನೋಡಿ, ಒಂಬತ್ತು ಪುಟ ಬರೆದು, ಸಂಪಾದಕರ ಮುಂದಿಟ್ಟೆ. ಅವರು ನಿಧಾನವಾಗಿ ಓದಿದರು.

“ಅಂದ್ರೆ ಸಿನಿಮಾ ಪುಸ್ತಕದ ಹಾಗೇ ಇದೆ ಅಂತೀರಿ.”

“ಚೌಕಟ್ಟಿಗೆ ಚೌಕಟ್ಟು ಸರ್.”

“ವ್ಯತ್ಯಾಸ?”

“ಒಂದೂ ಇಲ್ಲ.”

ಅವರು ನಿಟ್ಟುಸಿರು ಬಿಟ್ಟು ಕೆಂಪು ಶಾಯಿಯ ಪೆನ್ನು ತೆಗೆದರು. ಆ ವಾರದ ಸಂಚಿಕೆಯಲ್ಲಿ, ಸಾಬೂನಿನ ಜಾಹೀರಾತಿನ ಕೆಳಗೆ, ನನ್ನ ಹೆಸರಿನೊಂದಿಗೆ ಹೀಗೆ ಅಚ್ಚಾಯಿತು: ‘ತುಕ್ಕುವೀರ ಸಿನಿಮಾ ಪುಸ್ತಕದಂತೆಯೇ ಇದೆ. ವಿಷಾದಿಸುತ್ತೇವೆ.’

ಹೆಂಡತಿ ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಮಡಚಿ ಮೇಜಿನ ಮೇಲಿಟ್ಟು, ನಿಜವಾದ ಮೆಚ್ಚುಗೆಯಿಂದ ಹೇಳಿದಳು:

“ನೀವು ಬರೆದಿದ್ದರಲ್ಲಿ ಮಧ್ಯಕ್ಕೆ ಬಿಡದೆ ನಾನು ಪೂರ್ತಿ ಓದಿದ್ದು ಇದೇ ಮೊದಲು.”